ಹೆಸರಿಲ್ಲದ ಗಿರಾಕಿ

ಕಳೆದ ತಿಂಗಳು ಒಂದು ಭಾನುವಾರ, ಮಾಜಿವಾಡಾದ ನಮ್ಮ ಕಟ್ಟಡದ ಮೂರನೇ ಮಹಡಿಯ ಅಕ್ಕ ಫೋನ್ ಮಾಡಿದರು. ಧಾರವಾಡದ ಕಡೆಯವರು. ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿ, ಖಡಕ್ ರೊಟ್ಟಿ ಮಾಡಿ ಠಾಣೆ, ಡೊಂಬಿವಲಿ, ವಾಶಿಯ ಕನ್ನಡದ ಮನೆಗಳಿಗೆ ಕಳಿಸುತ್ತಾರೆ. ಅದಕ್ಕೊಂದು ಪುಟ್ಟ ವೆಬ್‌ಸೈಟೂ ಇದೆ.

"ತಮ್ಮಾ, ಒಬ್ಬ ಗಿರಾಕಿ ಎರಡು ಕಿಲೋ ಚಟ್ನಿ ಬುಟ್ಟ್ಯಾಗ ಹಾಕಿ ಹಂಗ ಬಿಟ್ಟು ಹೋಗ್ಯಾನ. ಹೆಸರಿನ ಜಾಗಾ ಖಾಲಿ ಅದ. ಫೋನ್ ಹಚ್ಚಲೇನು?"

ಬೇಡ ಅಂದವನೇ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದೆ. ಹೆಸರು ಕಡ್ಡಾಯವಾಗಿರುವ ಫಾರ್ಮಿನಲ್ಲಿ ಹೆಸರು ಖಾಲಿ ಇರಲು ಹೇಗೆ ಸಾಧ್ಯ?

ಅಕ್ಕನ ಅಂಗಡಿ ನಡೆಯುವುದು ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್ ಮೇಲೆ. ಜೊತೆಗೊಂದು ಪ್ಲಗಿನ್: ಗಿರಾಕಿ ಹೆಸರು, ನಂಬರ್ ತುಂಬಿ ಹಣ ಕೊಡದೆ ಹೋದರೂ ಅದನ್ನು ಉಳಿಸಿಟ್ಟು ಅಂಗಡಿಯವರಿಗೆ ಪಟ್ಟಿ ತೋರಿಸುತ್ತದೆ. ವ್ಯಾಪಾರಕ್ಕೆ ಉಪಯೋಗದ್ದೇ. ಆದರೆ ಆ ಹೆಸರಿನ ಜಾಗದಲ್ಲಿ ಯಾರೋ ಹೆಸರಿನ ಬದಲು ಸ್ಕ್ರಿಪ್ಟ್ ಬರೆದರೆ? ನಮ್ಮ ಸೊಸೈಟಿಯ ಗೇಟಿನ ರಿಜಿಸ್ಟರಿನಲ್ಲಿ ಹೆಸರಿನ ಕಾಲಮಿಗೆ ಒಬ್ಬ ‘ಎಲ್ಲ ಮನೆಯ ಕೀಲಿ ಕೊಡಿ’ ಎಂದು ಬರೆದು ಹೋದ, ಅದನ್ನು ಓದಿದ ವಾಚ್‌ಮನ್ ಹಾಗೇ ಮಾಡಿದ ಅಂದುಕೊಳ್ಳಿ. ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್ ಅಂದರೆ ಹೆಚ್ಚುಕಡಿಮೆ ಇಷ್ಟೇ. ಬ್ರೌಸರಿಗೆ ಅದು ಅಪರಿಚಿತನ ಬರಹ ಎಂದು ಗೊತ್ತಾಗುವುದಿಲ್ಲ; ಲಾಗಿನ್ ಆಗಿ ಕೂತಿರುವ ಅಂಗಡಿಯ ಒಡತಿಯ ಅಧಿಕಾರದಲ್ಲೇ ಅದನ್ನು ನಡೆಸಿಬಿಡುತ್ತದೆ.

2019ರ ಮಾರ್ಚಿನಲ್ಲಿ ಬೆಳಕಿಗೆ ಬಂದ ಪ್ರಕರಣ ಥೇಟ್ ಹೀಗೇ ಇತ್ತು. ‘ಅಬ್ಯಾಂಡನ್ಡ್ ಕಾರ್ಟ್ ಲೈಟ್’ ಎಂಬ ವೂಕಾಮರ್ಸ್ ಪ್ಲಗಿನ್‌ನಲ್ಲಿ ದಾಳಿಕೋರರು ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ತುಂಬಿ ಸುಮ್ಮನೆ ಕಾದರು. ಅಂಗಡಿಯವರು ಪಟ್ಟಿ ತೆರೆದ ಕೂಡಲೇ ‘ವೂಯೂಸರ್’ ಎಂಬ ಹೊಸ ಅಡ್ಮಿನ್ ಹುಟ್ಟುತ್ತಿದ್ದ. ಅಷ್ಟಕ್ಕೇ ನಿಲ್ಲದೆ, ಬಳಸದೆ ಆಫ್ ಮಾಡಿಟ್ಟ ಒಂದು ಪ್ಲಗಿನ್ ಹುಡುಕಿ, ಅದರ ಫೈಲಿನೊಳಗೆ ತಮ್ಮ ಕೋಡ್ ಬರೆದಿಡುತ್ತಿದ್ದರು. ಆಫ್ ಇರುವುದನ್ನು ಯಾರು ನೋಡುತ್ತಾರೆ? ಈ ಒಂದು ಯೋಚನೆಗೆ, ಬೇಸರದಿಂದಲೇ, ಭೇಷ್ ಅನ್ನಬೇಕು. ಪ್ಲಗಿನ್ ಮಾಡಿದವರು ಫೆಬ್ರವರಿಯಲ್ಲೇ 5.2.0 ಆವೃತ್ತಿಯಲ್ಲಿ ತೂತು ಮುಚ್ಚಿದ್ದರು. ಆದರೆ ಅಪ್‌ಡೇಟ್ ಮಾಡಿದ ಮಾತ್ರಕ್ಕೆ ಆಗಲೇ ಒಳಗೆ ಬಂದು ಕೂತವನು ಎದ್ದು ಹೋಗುವುದಿಲ್ಲ.

ಅಕ್ಕನದು ಬೇರೆ ಪ್ಲಗಿನ್, ರೋಗ ಅದೇ. ಸೈಟ್ ಮಾಡಿಕೊಟ್ಟ ಹುಡುಗ ಬೇರೆ ಊರಿಗೆ ಹೋಗಿ ಮೂರು ವರ್ಷ. ಅಲ್ಲಿಂದ ಅಪ್‌ಡೇಟ್ ಒತ್ತಿದವರಿಲ್ಲ. ಯೂಸರ್ ಪಟ್ಟಿ ತೆಗೆದೆ. ಇಬ್ಬರು ಅಡ್ಮಿನ್.

"ಇವ ಯಾರ‍್ರೀ ಅಕ್ಕ?"

"ನನಗೇನ ಗೊತ್ತೋ ತಮ್ಮಾ. ನೀನ ಹೇಳಬೇಕು."

ಪರದೆಗೆ ತೋರಿಸುವ ಮೊದಲು ಟ್ಯಾಗಿನ ಕೋನಾಕಾರದ ಚಿಹ್ನೆಗಳನ್ನು ಬರೀ ಅಕ್ಷರವಾಗಿ ಬದಲಿಸಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಅದಕ್ಕೆ ಸಿದ್ಧ ಫಂಕ್ಷನ್‌ಗಳೇ ಇವೆ, ಒಂದು ಸಾಲಿನ ಕೆಲಸ. ಆಗ ಹೆಸರಿನ ಜಾಗದಲ್ಲಿ ಏನೇನೋ ಗೀಚಿದಂತೆ ಕಾಣುತ್ತಿತ್ತು. ಗೀಚು ಕಂಡರೆ ಅದು ನಡೆದಿಲ್ಲ ಎಂದು ಅರ್ಥ. ಖಾಲಿ ಕಂಡದ್ದಕ್ಕೇ ನಾನು ಓಡಿದ್ದು.

ಸಂಜೆವರೆಗೆ ಸೈಟ್ ಮುಚ್ಚಿ ಕೂತೆ. ಅಪರಿಚಿತ ಅಡ್ಮಿನ್, ಆಫ್ ಇದ್ದ ಪ್ಲಗಿನ್‌ಗಳು, ಆ ಪಟ್ಟಿಯ ಪ್ಲಗಿನ್ ಎಲ್ಲ ಅಳಿಸಿದೆ. ವರ್ಡ್‌ಪ್ರೆಸ್ ಹೊಸದಾಗಿ ಹಾಕಿದೆ. ಪಾಸ್‌ವರ್ಡ್‌ಗಳನ್ನೂ ಪೇಮೆಂಟ್ ಕೀಗಳನ್ನೂ ಬದಲಿಸಿದೆ. ಕಾರ್ಡಿನ ವಿವರ ಗೇಟ್‌ವೇ ಕಡೆ ಇರುವುದರಿಂದ ಅಕ್ಕನ ಸೈಟಿನಲ್ಲಿ ಇರಲಿಲ್ಲ. ಹೆಸರು, ವಿಳಾಸ, ಫೋನ್ ನಂಬರ್ ಇದ್ದವು. ಅವು ಹೋಗಿವೆಯೋ ಇಲ್ಲವೋ ಎಂದು ಹೇಳುವಷ್ಟು ಹಳೆಯ ಲಾಗ್ ಸಿಗಲಿಲ್ಲ.

ಗಿರಾಕಿಗಳಿಗೆ ಈಗಲೇ ಹೇಳುವುದೇ, ಸ್ವಲ್ಪ ತಡೆಯುವುದೇ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅಕ್ಕ ಡೊಂಬಿವಲಿಯ ಒಬ್ಬರಿಗೆ ಫೋನ್ ಹಚ್ಚಿ, "ನನ್ನ ಹೆಸರಿನ್ಯಾಗ ಯಾರರ ರೊಕ್ಕಾ ಕೇಳಿದ್ರ ಕೊಡಬ್ಯಾಡ್ರಿ" ಅನ್ನುತ್ತಿದ್ದರು. ಹಾಗೆ ಒಬ್ಬೊಬ್ಬರಿಗೇ ಹೇಳುತ್ತಾ ಹೋದರು.

ನಡುವೆ ಒಮ್ಮೆ ಫೋನ್ ಕೆಳಗಿಟ್ಟು ಕೇಳಿದರು: "ಆ ಪಟ್ಟಿ ತಗದಬಿಟ್ಟಿ. ಅರ್ಧಕ್ಕ ಬಿಟ್ಟು ಹೋದವ್ರನ್ನ ಇನ್ನ ನಾ ಹೆಂಗ ಹಿಡೀಲಿ?"

ಸುಸ್ಥಿತಿಯಲ್ಲಿರುವ ಬೇರೆ ಪ್ಲಗಿನ್ ಇನ್ನೂ ಹುಡುಕುತ್ತಿದ್ದೇನೆ.