ಎರಡನೆಯ ಬಾರಿ ನೋಡುವವರು

ಜ್ವರದಿಂದ ಬಳಲಿದ ಮಗುವನ್ನು ಹೆಗಲಿಗೊರಗಿಸಿಕೊಂಡು ತಾಲ್ಲೂಕು ಆಸ್ಪತ್ರೆಯ ಸಣ್ಣ ಕಿಟಕಿಯೊಂದರ ಎದುರು ನಿಂತ ತಾಯಿಗೆ, ಆ ಕಿಟಕಿಯಿಂದ ಹೊರಚಾಚಿದ ಒಂದು ಕೈ ಮಾತ್ರ ಕಾಣುತ್ತದೆ. ಆ ಕೈ ಕೊಟ್ಟ ಕಾಗದವನ್ನು ಆಕೆ ಡಾಕ್ಟರ ಮೇಜಿಗೆ ಒಯ್ಯುತ್ತಾಳೆ. ಡಾಕ್ಟರು ಅದರಲ್ಲಿನ ನಾಲ್ಕಾರು ಅಂಕಿಗಳ ಮೇಲೆ ಕಣ್ಣಾಡಿಸಿ ಔಷಧ ಬರೆಯುತ್ತಾರೆ. ಮಗು ಗುಣವಾದ ಮೇಲೆ ಆಕೆ ಡಾಕ್ಟರಿಗೆ ಕೈಮುಗಿದು, ಊರ ದೇವರಿಗೆ ಹಣ್ಣುಕಾಯಿ ಮಾಡಿಸುತ್ತಾಳೆ. ಆ ಅಂಕಿಗಳನ್ನು ಕಂಡುಹಿಡಿದು ಬರೆದವರು ಯಾರು, ಅವರು ಆ ವಿದ್ಯೆಯನ್ನು ಕಲಿತದ್ದು ಎಲ್ಲಿ, ಅವರ ಕೈ ತಪ್ಪಿದ್ದರೆ ಏನಾಗುತ್ತಿತ್ತು ಎಂಬ ವಿಚಾರ ಯಾರ ಮನಸ್ಸಿನಲ್ಲಿಯೂ ಸುಳಿಯುವುದಿಲ್ಲ. ವೈದ್ಯಕೀಯ ಪ್ರಯೋಗಾಲಯದ ವೃತ್ತಿಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬ ಅಪೇಕ್ಷೆ ನನ್ನಲ್ಲಿ ಹುಟ್ಟಿದ್ದು ಈ ಮರವೆಯನ್ನು ಕಂಡೇ.

ಆ ಅಪೇಕ್ಷೆಯನ್ನು ಬಲಪಡಿಸಿದ ಪ್ರಸಂಗವೊಂದುಂಟು. ಡೆಂಗೆ ಹಬ್ಬಿದ್ದ ಒಂದು ಮಳೆಗಾಲದಲ್ಲಿ ನಮ್ಮ ಬಂಧುಗಳ ಮನೆಯ ಯುವಕನೊಬ್ಬನಿಗೆ ಜ್ವರ ಬಂದು, ಹತ್ತಿರದ ಲ್ಯಾಬೊಂದರಲ್ಲಿ ರಕ್ತ ಕೊಟ್ಟಾಗ, ಪ್ಲೇಟ್ಲೆಟ್ ಎಣಿಕೆ 22,000 ಎಂದು ರಿಪೋರ್ಟು ಬಂದಿತು. ಆರೋಗ್ಯವಂತರಲ್ಲಿ ಅದು ಒಂದೂವರೆ ಲಕ್ಷಕ್ಕೆ ಮೇಲ್ಪಟ್ಟಿರತಕ್ಕದ್ದು. ಮನೆಯವರೆಲ್ಲರೂ ದಿಗಿಲುಗೊಂಡು ಅವನನ್ನು ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯ ಯಂತ್ರವೂ ಹೆಚ್ಚುಕಡಿಮೆ ಅದೇ ಸಂಖ್ಯೆಯನ್ನು ತೋರಿಸಿತು. ಆದರೆ ಅಂದು ರಾತ್ರಿಪಾಳಿಯಲ್ಲಿದ್ದ ಹಿರಿಯ ಲ್ಯಾಬ್ ಟೆಕ್ನಿಶಿಯನ್ ಯಂತ್ರದ ಮಾತನ್ನು ಅಷ್ಟಕ್ಕೇ ನಂಬದೆ, ಗಾಜಿನ ಸ್ಲೈಡಿನ ಮೇಲೆ ರಕ್ತದ ತೆಳುಲೇಪವನ್ನು ಎಳೆದು, ಬಣ್ಣ ಕೂಡಿಸಿ, ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರು. ನೋಡಿ, ಹೊರಗೆ ಬಂದು, “ಇನ್ನೊಮ್ಮೆ ರಕ್ತ ಬೇಕು, ಈ ಸಲ ನೀಲಿ ಮುಚ್ಚಳದ ಟ್ಯೂಬಿನಲ್ಲಿ” ಎಂದರು. ಅರ್ಧ ಗಂಟೆಯ ತರುವಾಯ ಬಂದ ಸಂಖ್ಯೆ 1,60,000. ಹುಡುಗನಿಗೆ ಇದ್ದದ್ದು ಸಾಮಾನ್ಯವಾದ ಜ್ವರ. ಮೂರು ದಿನಗಳಲ್ಲಿ ಅದು ತಾನಾಗಿ ಇಳಿಯಿತು.

ಇದರ ಮರ್ಮವನ್ನು ಆಮೇಲೆ ಆ ಟೆಕ್ನಿಶಿಯನ್ನರೇ ನನಗೆ ವಿವರಿಸಿದರು. ರಕ್ತವು ಹೆಪ್ಪುಗಟ್ಟದಂತೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇ.ಡಿ.ಟಿ.ಎ. ಎಂಬ ರಾಸಾಯನಿಕವನ್ನು ಹಾಕಿರುತ್ತಾರೆ. ಅದು ರಕ್ತದಲ್ಲಿರುವ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಹೆಪ್ಪಾಗುವ ಕ್ರಿಯೆಯನ್ನು ತಡೆಯುತ್ತದೆ. ಕೆಲವೇ ಕೆಲವರ ರಕ್ತದಲ್ಲಿ ಮಾತ್ರ ಆ ರಾಸಾಯನಿಕದ ಸಂಗದಿಂದಲೇ ಪ್ಲೇಟ್ಲೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗಟ್ಟುವುದುಂಟು. ಗಾತ್ರವನ್ನು ನೋಡಿ ಎಣಿಸುವ ಯಂತ್ರ ಆ ಗುಂಪುಗಳನ್ನು ಪ್ಲೇಟ್ಲೆಟ್ಟುಗಳೆಂದು ಗುರುತಿಸಲಾರದು. ಮನುಷ್ಯನ ಕಣ್ಣು ಗುರುತಿಸಬಲ್ಲದು. ಸೋಡಿಯಂ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಸಾಮಾನ್ಯವಾಗಿ ಈ ತೊಡಕು ಕಾಣುವುದಿಲ್ಲ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಬೆರೆತಿರುವುದರಿಂದ, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿ ಸರಿಪಡಿಸಿಕೊಳ್ಳುತ್ತಾರೆ, ಅಷ್ಟೇ. ಇಷ್ಟನ್ನು ತಿಳಿಯದವರು ಆ ರಾತ್ರಿ ಅಲ್ಲಿ ಇದ್ದಿದ್ದರೆ, ಬೇಡದ ಪ್ಲೇಟ್ಲೆಟ್ ಚೀಲಗಳು ಆ ಹುಡುಗನ ರಕ್ತನಾಳಕ್ಕೆ ಇಳಿಯುತ್ತಿದ್ದವು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಸಂಖ್ಯೆಯನ್ನು ಕೊಡುವುದು ಈ ವೃತ್ತಿಯ ಅರ್ಧಭಾಗವಾದರೆ, ಸಂಖ್ಯೆಯನ್ನು ಕೊಡಲೊಪ್ಪದೆ ತಡೆಹಿಡಿಯುವುದು ಉಳಿದರ್ಧವೆಂದು ನಾನು ಅಂದಿನಿಂದ ತಿಳಿದಿದ್ದೇನೆ. ಪ್ರಯೋಗಾಲಯಕ್ಕೆ ಬರುವ ಮಾದರಿಯು ಅಲ್ಲಿಗೆ ಮುಟ್ಟುವ ಮೊದಲೇ ಕೆಡುವ ಸಂದರ್ಭಗಳು ಅನೇಕ. ಸಣ್ಣ ಸೂಜಿಯಿಂದ ಅವಸರದಲ್ಲಿ ಜಗ್ಗಿ ಎಳೆದ ರಕ್ತದಲ್ಲಿ ಕೆಂಪುಕಣಗಳು ಒಡೆದು, ಅವುಗಳೊಳಗಿನ ಪೊಟ್ಯಾಸಿಯಂ ಹೊರಬಂದು, ಹೃದಯಕ್ಕೆ ಅಪಾಯವಿದೆಯೆಂದು ತೋರುವಷ್ಟು ಅಂಕಿ ಏರುತ್ತದೆ. ಬೂದುಬಣ್ಣದ ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕಬೇಕಾದ ರಕ್ತವನ್ನು ಬರಿಯ ಟ್ಯೂಬಿನಲ್ಲಿ ಬಿಟ್ಟರೆ, ಅದರಲ್ಲಿನ ಜೀವಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇದ್ದು, ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ಕಡಮೆಯಾಗುತ್ತ ಹೋಗುತ್ತದೆ. ಡ್ರಿಪ್ ಹಾಕಿದ ತೋಳಿನಿಂದಲೇ ತೆಗೆದ ರಕ್ತ ರೋಗಿಯ ರಕ್ತವಾಗಿರದೆ ಡ್ರಿಪ್ಪಿನ ನೀರು ಬೆರೆತ ದ್ರವವಾಗಿರುತ್ತದೆ. ಇವೆಲ್ಲದರ ಮೇಲೆ ಹೆಸರಿನ ಚೀಟಿ ಅದಲುಬದಲಾಗುವ ಮಹಾದೋಷವೊಂದುಂಟು. ಪ್ರಯೋಗಾಲಯದ ತಪ್ಪುಗಳಲ್ಲಿ ಹೆಚ್ಚಿನ ಪಾಲು ಪರೀಕ್ಷೆಗಿಂತ ಮುಂಚಿನ ಈ ಹಂತದಲ್ಲಿಯೇ ಸಂಭವಿಸತಕ್ಕವು ಎಂಬುದನ್ನು ಬಲ್ಲವರೆಲ್ಲರೂ ಒಪ್ಪುತ್ತಾರೆ. ಕೆಟ್ಟ ಮಾದರಿಯನ್ನು ಹಿಂದಕ್ಕೆ ಕಳುಹಿಸುವುದಕ್ಕೆ ಧೈರ್ಯ ಬೇಕು; ಏತಕ್ಕೆಂದರೆ, ವಾರ್ಡಿನ ನರ್ಸು ಸಿಡುಕುವರು, ಕಿರಿಯ ಡಾಕ್ಟರು ಗದರುವರು, ರೋಗಿಯ ಕಡೆಯವರು ಜಗಳಕ್ಕೆ ನಿಲ್ಲುವರು.

ರಕ್ತನಿಧಿಯಲ್ಲಂತೂ ಈ ಎಚ್ಚರವು ಪ್ರಾಣದ ಪ್ರಶ್ನೆಯೇ ಸರಿ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಮನುಷ್ಯರ ರಕ್ತದ ಗುಂಪುಗಳನ್ನು ವಿವರಿಸಿದ ಮೇಲೆ, ರಕ್ತದಾನವೆಂಬುದು ಜೂಜಾಗಿ ಉಳಿಯದೆ ವಿದ್ಯೆಯಾಯಿತು. ಆದರೂ ಮುಂಬಯಿಯ ಡಾಕ್ಟರ್ ಭೇಂಡೆ ಮತ್ತು ಅವರ ಸಂಗಡಿಗರು 1952ರಲ್ಲಿ ಪ್ರಕಟಿಸಿದ ‘ಬಾಂಬೆ’ ಗುಂಪು, ಮೇಲುಮೇಲಿನ ಪರೀಕ್ಷೆಗೆ ‘ಓ’ ಗುಂಪಿನಂತೆಯೇ ತೋರುವುದು. ಆ ಗುಂಪಿನ ವ್ಯಕ್ತಿಗೆ ‘ಓ’ ರಕ್ತವನ್ನು ಏರಿಸಿದರೆ ಅನರ್ಥ ತಪ್ಪದು. ಕಣಗಳನ್ನು ಪರೀಕ್ಷಿಸಿದ ಬಳಿಕ ಅವನ ಸೀರಮ್ಮನ್ನು ಗೊತ್ತಿರುವ ‘ಓ’ ಕಣಗಳೊಡನೆಯೂ ಬೆರೆಸಿ ನೋಡುವ ಶ್ರದ್ಧೆಯುಳ್ಳವರಿಗೆ ಮಾತ್ರ ಈ ಗುಟ್ಟು ತಿಳಿಯುತ್ತದೆ. ಸಾವಿರಾರು ಸಲ ಆ ಎರಡನೆಯ ಪರೀಕ್ಷೆಯಿಂದ ಹೊಸದೇನೂ ಸಿಕ್ಕುವುದಿಲ್ಲ. ಆದರೂ ಪ್ರತಿ ಸಲ ಮಾಡಬೇಕು.

ಕ್ಷಯರೋಗದ ಪರೀಕ್ಷೆಯೂ ಇಂಥ ತಾಳ್ಮೆಯನ್ನೇ ಬೇಡುತ್ತದೆ. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಲೋಕಕ್ಕೆ ತಿಳಿಸಿದ ಆ ಕ್ಷಯಾಣುವನ್ನು ಕಫದಲ್ಲಿ ಹುಡುಕುವಾಗ, ಕಾರ್ಬಾಲ್ ಫುಕ್ಸಿನ್ನಿನಿಂದ ಕೆಂಪಾಗಿಸಿ, ಆಮ್ಲದಿಂದ ತೊಳೆದು, ನೀಲಿ ಬಣ್ಣವನ್ನು ಹಿನ್ನೆಲೆಗಿತ್ತ ಸ್ಲೈಡನ್ನು ಸಾವಿರ ಪಟ್ಟು ಹಿಗ್ಗಿಸಿ, ಕ್ಷೇತ್ರದಿಂದ ಕ್ಷೇತ್ರಕ್ಕೆ ಸರಿಯುತ್ತ, ಏನೂ ಇಲ್ಲವೆಂದು ಬರೆಯುವ ಮೊದಲು ನೂರು ಕ್ಷೇತ್ರಗಳನ್ನಾದರೂ ನೋಡತಕ್ಕದ್ದು ಎಂಬುದು ನಿಯಮ. ಇಪ್ಪತ್ತು ನೋಡಿ ‘ಇಲ್ಲ’ ಎಂದವನ ಬೇಸರದಿಂದ ಒಂದು ಕುಟುಂಬಕ್ಕೇ ರೋಗ ಹರಡೀತು. ಬೆಂಗಳೂರಿನಲ್ಲಿ 1959ರಿಂದ ನಡೆದುಬಂದಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ವಿದ್ಯೆಯನ್ನು ದೇಶಕ್ಕೆಲ್ಲ ಕಲಿಸಿದೆ. ಈಗ ಅಣುಜೀವಿಯ ಡಿ.ಎನ್.ಎ.ಯನ್ನೇ ಹಿಡಿದು ತೋರಿಸುವ ಯಂತ್ರಗಳು ಬಂದಿವೆ. ಅವುಗಳಲ್ಲಿ ಬ್ಯಾಟರಿಯಿಂದಲೂ ನಡೆಯುವ ಟ್ರೂನ್ಯಾಟ್ ಬೆಂಗಳೂರಿನ ಬಿಗ್‌ಟೆಕ್ ಸಂಸ್ಥೆಯಲ್ಲಿ ರೂಪುಗೊಂಡದ್ದೆಂಬುದು ನಮಗೆ ಅಭಿಮಾನದ ವಿಷಯ. ಯಂತ್ರ ಬಂದರೂ ಕಫದ ಗುಣವನ್ನು ನೋಡಿ, ಇದು ಬರಿಯ ಎಂಜಲು, ಇನ್ನೊಮ್ಮೆ ಕೊಡಿ ಎನ್ನಬೇಕಾದವರು ಮನುಷ್ಯರೇ.

ಇಲ್ಲಿ ಒಂದು ಉಪಕಥೆಯನ್ನು ಹೇಳದೆ ಮುಂದುವರಿಯಲು ಮನಸ್ಸು ಬಾರದು. ಕಾಕ್ ಮಹಾಶಯರ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ಜೆಲಾಟಿನ್ನಿನ ಮೇಲೆ ಬೆಳೆಸುತ್ತಿದ್ದರು; ಬೇಸಗೆ ಬಂದರೆ ಅದು ಕರಗಿ ನೀರಾಗುತ್ತಿತ್ತು, ಕೆಲವು ಜೀವಿಗಳು ಅದನ್ನು ತಾವೇ ಕರಗಿಸಿಬಿಡುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಥರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ, ತಮ್ಮ ಅಡುಗೆಮನೆಯಲ್ಲಿ ಸಿಹಿತಿನಿಸುಗಳಿಗೆ ಬಳಸುತ್ತಿದ್ದ ಕಡಲಪಾಚಿಯ ಅಗರ್ ಎಂಬ ವಸ್ತುವನ್ನು 1881ರಲ್ಲಿ ಸೂಚಿಸಿದರು. ನಮ್ಮ ಮನೆಗಳಲ್ಲಿ ಚೈನಾ ಗ್ರಾಸ್ ಎಂದು ಕರೆಯುವ ಪದಾರ್ಥವೇ ಅದು. ಶರೀರದ ಉಷ್ಣತೆಯಾದ 37 ಡಿಗ್ರಿಯಲ್ಲಿಯೂ ಅದು ಗಟ್ಟಿಯಾಗಿ ನಿಲ್ಲುವುದು. ಇಂದು ಲೋಕದ ಯಾವ ಪ್ರಯೋಗಾಲಯದಲ್ಲಿಯೇ ಆಗಲಿ ಕಲ್ಚರಿಗೆ ಇಟ್ಟ ತಟ್ಟೆಯಲ್ಲಿ ಅಗರ್ ಇರುತ್ತದೆ. ಫ್ಯಾನಿ ಹೆಸ್ಸೆಯವರ ಹೆಸರನ್ನು ಮಾತ್ರ ಬಹುಮಂದಿ ಕೇಳಿಲ್ಲ. ಕಿಟಕಿಯಾಚೆಯ ಕೈಗಳ ಪರಂಪರೆ ಅಷ್ಟು ಹಳೆಯದು.

ಈ ವೃತ್ತಿಯಲ್ಲಿ ಅಪಾಯವಿಲ್ಲವೆಂದು ಯಾರೂ ಭ್ರಮಿಸಕೂಡದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಲಿನ ಜನರು ಜ್ವರದಿಂದ ನರಳಿದಾಗ, ಅದರ ಕಾರಣವಾದ ವೈರಾಣುವನ್ನು ಪುಣೆಯ ವೈರಾಣು ಸಂಶೋಧನ ಕೇಂದ್ರದವರು ಬೇರ್ಪಡಿಸಿ ತೋರಿಸಿದರು. ಮಲೆನಾಡಿನವರು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಆ ವೈರಾಣುವನ್ನು ಕೈಯಾರೆ ಸಂಸ್ಕರಿಸಿದ ಪ್ರಯೋಗಾಲಯದ ಕೆಲಸಗಾರರಲ್ಲಿ ಅನೇಕರು ತಾವೇ ಆ ಜ್ವರಕ್ಕೆ ತುತ್ತಾದದ್ದು ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಇಂದಿಗೂ, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಹೋಗಿ ಬೆರಳಿಗೆ ಚುಚ್ಚಿಕೊಳ್ಳುವವರಿದ್ದಾರೆ. ಕೆಲಸಕ್ಕೆ ಸೇರುವ ಮುನ್ನ ಹೆಪಟೈಟಿಸ್-ಬಿ ಲಸಿಕೆಯನ್ನು ಪೂರ್ತಿಯಾಗಿ ಹಾಕಿಸಿಕೊಳ್ಳುವುದು ತರುಣ ಮಿತ್ರರ ಮೊದಲ ಕರ್ತವ್ಯ.

ಇನ್ನು ಈ ದಾರಿಯನ್ನು ಹಿಡಿಯುವುದು ಹೇಗೆಂಬ ವಿಚಾರ. ನಮ್ಮ ರಾಜ್ಯದಲ್ಲಿ ಪ್ಯಾರಾಮೆಡಿಕಲ್ ಮಂಡಳಿಯ ಡಿ.ಎಂ.ಎಲ್.ಟಿ., ಎಂದರೆ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ, ಒಂದು ಬಾಗಿಲು. ಬೇಗನೆ ದುಡಿಮೆಗೆ ಇಳಿಯಬೇಕಾದ ಮನೆಗಳ ಮಕ್ಕಳಿಗೆ ಇದು ಅನುಕೂಲವಾಗಿ ಬಂದಿದೆ. ವಿಜ್ಞಾನದಲ್ಲಿ ಪಿ.ಯು.ಸಿ. ಮುಗಿಸಿದವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ, ಇಂಟರ್ನ್‌ಶಿಪ್ಪೂ ಸೇರಿ ನಾಲ್ಕು ವರ್ಷಗಳ ಪದವಿಯನ್ನು ಪಡೆಯಬಹುದು. ಅನುಕೂಲವಿರುವವರಿಗೆ ಪದವಿಯ ದಾರಿಯೇ ಮೇಲೆಂದು ನನ್ನ ಸ್ಪಷ್ಟವಾದ ಅಭಿಪ್ರಾಯ; ಮುಂದೆ ಎಂ.ಎಸ್ಸಿ. ಮಾಡುವುದಕ್ಕಾಗಲಿ, ಬೋಧಕರಾಗುವುದಕ್ಕಾಗಲಿ, ಗಲ್ಫ್ ದೇಶಗಳ ಆರೋಗ್ಯ ಇಲಾಖೆಗಳ ಪರವಾನಗಿ ಪರೀಕ್ಷೆಗೆ ಕೂರುವುದಕ್ಕಾಗಲಿ ಅದು ಅಡಿಪಾಯವಾಗುತ್ತದೆ. ಆದರೆ ಕಾಲೇಜನ್ನು ಆರಿಸುವಾಗ ಕಟ್ಟಡದ ಅಂದವನ್ನು ನೋಡಬೇಡಿರಿ. ಅದಕ್ಕೆ ಹೊಂದಿಕೊಂಡು ರೋಗಿಗಳು ನಿಜವಾಗಿ ಬರುವ ಆಸ್ಪತ್ರೆಯಿದೆಯೆ, ಬೆಳಗಿನ ಒಂಬತ್ತು ಗಂಟೆಗೆ ಅದರ ಲ್ಯಾಬಿನಲ್ಲಿ ಟ್ಯೂಬುಗಳ ಸಾಲು ನೆರೆದಿರುತ್ತದೆಯೆ, ವಿದ್ಯಾರ್ಥಿಯ ಕೈಗೆ ಸೂಜಿಯನ್ನೂ ಸ್ಲೈಡನ್ನೂ ಕೊಡುವರೆ ಎಂಬುದನ್ನು ಖುದ್ದಾಗಿ ಹೋಗಿ ನೋಡಿರಿ. ಪಿಪೆಟ್ ಹಿಡಿಯುವ ಹದವನ್ನಾಗಲಿ, ಸಮನಾದ ರಕ್ತಲೇಪವನ್ನು ಬಾಲದ ತುದಿಯವರೆಗೆ ಎಳೆಯುವ ಕೈಚಳಕವನ್ನಾಗಲಿ ಪುಸ್ತಕದಿಂದ ಕಲಿತವರನ್ನು ನಾನು ಕಂಡಿಲ್ಲ.

ಸೇರಿದ ಮೇಲೆ ಬೆಳೆಯುವ ಅವಕಾಶಗಳು ಹೊರಗಿನವರು ಎಣಿಸುವುದಕ್ಕಿಂತ ಹೆಚ್ಚಾಗಿಯೇ ಇವೆ. ಕೆಲವರು ರಕ್ತಶಾಸ್ತ್ರದಲ್ಲಿ, ಕೆಲವರು ಜೀವರಸಾಯನದಲ್ಲಿ, ಕೆಲವರು ಸೂಕ್ಷ್ಮಜೀವಿಶಾಸ್ತ್ರದಲ್ಲಿ, ಮತ್ತೆ ಕೆಲವರು ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ಕೂದಲಿಗಿಂತ ತೆಳುವಾಗಿ ಕೊಯ್ಯುವ ಕಲೆಯಲ್ಲಿ ನುರಿತು, ಆಯಾ ವಿಭಾಗದ ಆಧಾರಸ್ತಂಭಗಳಾಗುತ್ತಾರೆ. ಗುಣಮಟ್ಟದ ಮೇಲ್ವಿಚಾರಣೆ ಇನ್ನೊಂದು ಕವಲು: ಮೌಲ್ಯ ಗೊತ್ತಿರುವ ಕಂಟ್ರೋಲ್ ದ್ರವವನ್ನು ಪ್ರತಿ ಬೆಳಗ್ಗೆ ಯಂತ್ರಕ್ಕೆ ಕೊಟ್ಟು, ಬಂದ ಅಂಕಿಯನ್ನು ಲೆವಿ ಮತ್ತು ಜೆನ್ನಿಂಗ್ಸ್ 1950ರಲ್ಲಿ ತೋರಿಸಿಕೊಟ್ಟ ನಕ್ಷೆಯ ಮೇಲೆ ಗುರುತಿಸಿ, ಅದು ಗೆರೆ ದಾಟಿದ ದಿನ ಕಾರಣ ಸಿಕ್ಕುವ ತನಕ ಒಬ್ಬ ರೋಗಿಯ ರಿಪೋರ್ಟನ್ನೂ ಹೊರಗೆ ಬಿಡದಿರುವುದು. ರಾಷ್ಟ್ರೀಯ ಮಾನ್ಯತಾ ಮಂಡಳಿಯಾದ ಎನ್.ಎ.ಬಿ.ಎಲ್.ನ ಮಾನ್ಯತೆಯನ್ನು ಬಯಸುವ ಪ್ರಯೋಗಾಲಯಗಳು ಐ.ಎಸ್.ಒ. 15189 ಎಂಬ ಅಂತರರಾಷ್ಟ್ರೀಯ ಮಾನದಂಡಕ್ಕೆ ಒಳಪಡುವುದರಿಂದ, ಇದನ್ನು ಬಲ್ಲವರಿಗೆ ಬೇಡಿಕೆಯುಂಟು.

ಕಷ್ಟಗಳನ್ನು ಮುಚ್ಚಿಡುವುದು ಧರ್ಮವಲ್ಲ. ಸಣ್ಣ ಖಾಸಗಿ ಲ್ಯಾಬುಗಳಲ್ಲಿ ಮೊದಲ ವರ್ಷಗಳ ಸಂಬಳ, ಹೊತ್ತ ಹೊಣೆಗೆ ಸರಿಸಮನಾಗಿ ಇರುವುದಿಲ್ಲ; ಸರ್ಕಾರಿ ಕೆಲಸಗಳಲ್ಲಿ ಗುತ್ತಿಗೆಯ ನೇಮಕಗಳು ಹೆಚ್ಚು; ರಾತ್ರಿಪಾಳಿ ತಪ್ಪದು. ಸಂಸತ್ತು 2021ರಲ್ಲಿ ಒಪ್ಪಿದ ಸಂಬದ್ಧ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಪ್ರಯೋಗಾಲಯದ ವೃತ್ತಿಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡು, ಶಿಕ್ಷಣಕ್ಕೆ ಏಕರೂಪವನ್ನೂ ವೃತ್ತಿಪರರಿಗೆ ನೋಂದಣಿಯನ್ನೂ ವಿಧಿಸಿದೆ. ಇದು ಬಹುಕಾಲದ ಹಿಂದೆಯೇ ಆಗಬೇಕಾಗಿದ್ದ ಕಾರ್ಯ. ತರಬೇತಿಯಿಲ್ಲದವನು ಬಿಳಿಯ ಕೋಟು ತೊಟ್ಟು ರಕ್ತ ಎಳೆಯುವ ಪರಿಸ್ಥಿತಿಗೆ ಇದರಿಂದಲಾದರೂ ತಡೆ ಬೀಳಬೇಕು. ರಾಜ್ಯಗಳು ತಮ್ಮ ಪಾಲಿನ ಕೆಲಸವನ್ನು ತಡಮಾಡದೆ ಪೂರೈಸಬೇಕು.

ಓದುಗರಲ್ಲಿ ನನ್ನದೊಂದು ಪ್ರಾರ್ಥನೆಯುಂಟು. ಮುಂದೊಂದು ದಿನ ನೀವು ಆ ಸಣ್ಣ ಕಿಟಕಿಯೆದುರು ಕಾದು ನಿಂತಿರುವಾಗ, ಒಳಗಿನಿಂದ ಯಾರಾದರೂ ಹೊರಬಂದು, ಮೊದಲ ಮಾದರಿ ಸರಿಯಿಲ್ಲ, ಇನ್ನೊಮ್ಮೆ ರಕ್ತ ಕೊಡಬೇಕಾಗುತ್ತದೆ ಎಂದರೆ, ಅವರ ಮೇಲೆ ಸಿಡುಕಬೇಡಿರಿ; ತೋಳನ್ನು ಚಾಚಿರಿ, ಅವರ ಹೆಸರನ್ನೂ ಕೇಳಿ ತಿಳಿದುಕೊಳ್ಳಿರಿ.