ಸಾರಥಿಯಿಲ್ಲದ ರಥ, ಬೆಕ್ಕಿನ ಸಾವು

ಬೆಕ್ಕೊಂದು ಸತ್ತರೆ ಊರಿಗೆ ಊರೇ ಮರುಗುವುದುಂಟೆ? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅಂಥ ಸಂಗತಿಯೊಂದು ನಡೆದುಹೋಯಿತು.

ಆ ನಗರದ ಮಿಷನ್ ಬಡಾವಣೆಯ 16ನೆಯ ಬೀದಿಯಲ್ಲಿ, ಅಂಗಡಿಯೊಂದನ್ನು ಮನೆ ಮಾಡಿಕೊಂಡು ‘ಕಿಟ್‌ಕ್ಯಾಟ್’ ಎಂಬ ಪಟ್ಟೆಬೆಕ್ಕೊಂದಿದ್ದಿತು. ಹೋಗಿಬರುವವರೆಲ್ಲರಿಗೂ ಅದು ಅಚ್ಚುಮೆಚ್ಚು; ಆ ಬೀದಿಯ ‘ಮೇಯರ್’ ಎಂಬ ಬಿರುದೂ ಅದಕ್ಕೆ ಸಂದಿದ್ದಿತು. 2025ರ ಅಕ್ಟೋಬರ್ 27ರ ರಾತ್ರಿ, ಪ್ರಯಾಣಿಕರಿಗಾಗಿ ನಿಂತು ಹೊರಟ ವೇಮೋ ಸಂಸ್ಥೆಯ ಚಾಲಕನಿಲ್ಲದ ಕಾರಿನಡಿ ಸಿಕ್ಕಿ ಅದು ಅಸುನೀಗಿತು.

ಅಂಗಡಿಯ ಮುಂದೆ ಹೂವು, ಮೇಣದ ಬತ್ತಿ, ಓಲೆಗಳು ರಾಶಿಬಿದ್ದವು. ಬೆಕ್ಕು ಹೊರಡುತ್ತಿದ್ದ ಕಾರಿನಡಿಗೆ ನುಗ್ಗಿತೆಂದು ತಿಳಿಸಿದ ಸಂಸ್ಥೆಯು ಸಂತಾಪ ಸೂಚಿಸಿ, ಪ್ರಾಣಿಗಳ ಹಿತಕ್ಕಾಗಿ ದುಡಿಯುವ ಸ್ಥಳೀಯ ಸಂಘಕ್ಕೆ ದೇಣಿಗೆಯನ್ನೂ ಪ್ರಕಟಿಸಿತು. ಜನರ ಕೋಪ ಅಷ್ಟಕ್ಕೆ ತಣಿಯಲಿಲ್ಲ. ಇಂಥ ಕಾರುಗಳಿಗೆ ಅನುಮತಿ ನೀಡುವ ಅಧಿಕಾರವಿರುವುದು ರಾಜ್ಯದ ಇಲಾಖೆಗಳಿಗೆ. ಅವು ಬೇಕೆ, ಬೇಡವೆ ಎಂಬುದನ್ನು ಆಯಾ ಕೌಂಟಿಯ ಮತದಾರರೇ ನಿರ್ಧರಿಸಲಿ ಎಂದು ಆ ಕ್ಷೇತ್ರದ ಪ್ರತಿನಿಧಿ ಜಾಕಿ ಫೀಲ್ಡರ್ ಒತ್ತಾಯಿಸಿದರು. ನವೆಂಬರ್ 30ರಂದು ಅದೇ ನಗರದಲ್ಲಿ ಅದೇ ಸಂಸ್ಥೆಯ ಕಾರು ನಾಯಿಯೊಂದಕ್ಕೆ ಬಡಿದಾಗ ವಾದವಿವಾದ ಮತ್ತೆ ಕಾವೇರಿತು.

ಯಂತ್ರದ ಪರ ನಿಂತವರ ಪ್ರಶ್ನೆಯೂ ತಳ್ಳಿಹಾಕುವಂಥದಲ್ಲ. ಮನುಷ್ಯರು ನಡೆಸುವ ಕಾರುಗಳಡಿ ಪ್ರತಿದಿನವೂ ಎಷ್ಟೋ ಮೂಕಪ್ರಾಣಿಗಳು ಸಾಯುತ್ತವೆ. ಅವುಗಳಿಗಾಗಿ ದೀಪ ಹಚ್ಚಿದವರು ಯಾರು? ಯಂತ್ರಕ್ಕೆ ತೂಕಡಿಕೆಯಿಲ್ಲ, ಮದ್ಯದ ಅಮಲಿಲ್ಲ, ಮನೆಯ ಚಿಂತೆಯಿಲ್ಲ.

ನಿಜ. ಆದರೆ ಚಾಲಕನಿದ್ದರೆ ಕೇಳುವುದಕ್ಕೆ ಒಬ್ಬನಿರುತ್ತಾನೆ. ಅವನು ಕೆಳಗಿಳಿದು ತಲೆ ತಗ್ಗಿಸಬಹುದು. ನಾವು ಅವನನ್ನು ಬೈಯಬಹುದು, ಕೊನೆಗೆ ಕ್ಷಮಿಸಲೂಬಹುದು. ಬರಿದಾದ ಆಸನದೊಡನೆ ಯಾರು ಮಾತನಾಡಬೇಕು? 2025ರ ಸೆಪ್ಟೆಂಬರಿನಲ್ಲಿ ಸಮೀಪದ ಸ್ಯಾನ್ ಬ್ರೂನೋದ ಪೊಲೀಸರಿಗೂ ಇದೇ ಪೇಚು ಒದಗಿತ್ತು. ನಿಯಮ ಮೀರಿ ತಿರುವು ತೆಗೆದುಕೊಂಡ ಇಂಥದೇ ಕಾರನ್ನು ಅವರು ತಡೆದು ನಿಲ್ಲಿಸಿದರು. ಒಳಗೆ ಚಾಲಕನಿಲ್ಲದ್ದರಿಂದ ದಂಡದ ಚೀಟಿ ಬರೆಯಲಾಗಲಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯ ಮಾಡಿದ ಶಾಸನವೊಂದು, 2026ರ ಜುಲೈಯಿಂದ ಅಂಥ ತಪ್ಪಿಗೆ ಪೊಲೀಸರು ಸಂಸ್ಥೆಗೇ ನೋಟೀಸು ನೀಡಲು ಅವಕಾಶ ಕಲ್ಪಿಸಿತು.

ಸಂಚಾರದ ನಿಯಮ ಮುರಿದುದಕ್ಕೆ ಉತ್ತರ ಹೇಳುವವರು ಹೀಗೆ ದೊರೆತಾರು. ಆದರೆ ಅಂಗಡಿಯ ಮುಂದೆ ಹೂವಿಟ್ಟವರು ದಂಡವನ್ನಷ್ಟೇ ಬಯಸಿದ್ದರೆ? ಕಾರಿನಿಂದ ಯಾರಾದರೊಬ್ಬರು ಇಳಿದು, ಆ ಬೆಕ್ಕಿನ ಬಳಿ ಒಂದು ಗಳಿಗೆ ನಿಂತಿದ್ದರೆ ಅವರ ಮನಸ್ಸು ಎಷ್ಟೋ ಹಗುರವಾಗುತ್ತಿತ್ತೇನೋ!