ನಿಮಗಿದು ಗೊತ್ತೇ? ರಾಜ್ಯಪಾಲರಿಗೆ ನಾವು ಓಟು ಹಾಕುವಂತಿದ್ದರೆ…

● ಅಮೆರಿಕದಲ್ಲಿ ಗವರ್ನರ್ ಗಾದಿಗೆ ಜನರೇ ಓಟು ಹಾಕುತ್ತಾರೆ. ಕ್ಯಾಲಿಫೋರ್ನಿಯಾದವರಿಗೆ ಎಷ್ಟು ಅವಸರವೆಂದರೆ, 1849ರ ನವೆಂಬರ್‌ನಲ್ಲೇ ಪೀಟರ್ ಬರ್ನೆಟ್‌ರನ್ನು ಆರಿಸಿಬಿಟ್ಟರು. ಅದು ರಾಜ್ಯವಾಗಿ ಒಕ್ಕೂಟ ಸೇರಿದ್ದು 1850ರ ಸೆಪ್ಟೆಂಬರ್‌ನಲ್ಲಿ!

● ನಮ್ಮಲ್ಲೂ ಹಾಗೇ ಆಗಬೇಕಿತ್ತು. ಜನರೇ ಗವರ್ನರನ್ನು ಆರಿಸಲಿ ಎಂದು 1947ರಲ್ಲಿ ಸಂವಿಧಾನ ಸಭೆ ಒಪ್ಪಿತ್ತು. ಓಟಿನಿಂದ ಗೆದ್ದ ರಾಜ್ಯಪಾಲ, ಓಟಿನಿಂದಲೇ ಗೆದ್ದ ಮುಖ್ಯಮಂತ್ರಿ ಜಗಳಕ್ಕೆ ನಿಂತರೆ? ಒಂದೇ ಒರೆಯಲ್ಲಿ ಎರಡು ಕತ್ತಿ ಬೇಡವೆಂದು 1949ರ ಮೇ ಕೊನೆಗೆ ನೇಮಕದ ದಾರಿ ಹಿಡಿಯಿತು. ಅದಾದ ಮೇಲೂ ಜಗಳ ನಿಂತಿಲ್ಲ, ಆ ಮಾತು ಬೇರೆ.

● ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದವರಿಗೆ 1956ರ ಅಕ್ಟೋಬರ್ 31ರವರೆಗೆ ರಾಜಪ್ರಮುಖರು, ಅಂದರೆ ರಾಜ್ಯಪಾಲರ ಜಾಗದಲ್ಲಿದ್ದವರು, ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಬೆಳಗಾದರೆ ನವೆಂಬರ್ 1: ರಾಜಪ್ರಮುಖ ಹುದ್ದೆಯೇ ರದ್ದು, ಊರು ಮೈಸೂರು ರಾಜ್ಯಕ್ಕೆ, ರಾಜ್ಯಪಾಲರು ಜಯಚಾಮರಾಜೇಂದ್ರ ಒಡೆಯರ್. ಒಂದು ಓಟೂ ಬೀಳದೆ ನಿಜಾಮರು ಹೋಗಿ ಮಹಾರಾಜರು ಬಂದರು.

● ಓಟು ಬಿದ್ದದ್ದು 1957ರಲ್ಲಿ, ಹೊಸ ರಾಜ್ಯದ ಮೊದಲ ವಿಧಾನಸಭೆಗೆ. ಮತಪತ್ರದ ಮೇಲೆ ಆಗ ಮುದ್ರೆ ಒತ್ತುವಂತಿರಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆಯ ಚೀಟಿ. ಪರದೆಯ ಹಿಂದೆ ಹೋಗಿ ತಮ್ಮವರ ಪೆಟ್ಟಿಗೆಯೊಳಗೆ ಗುರುತು ಹಾಕದ ಮತಪತ್ರ ಇಳಿಬಿಟ್ಟು ಬಂದರೆ ಮುಗಿಯಿತು. ಅಕ್ಷರ ಬಾರದವರಿಗೂ ಗೊಂದಲವಿಲ್ಲ.

● ಆಗಿದ್ದ ಸ್ಥಾನ 208, ಕಾಂಗ್ರೆಸ್ಸಿಗೆ 150.

● ಆ 1957ರಲ್ಲಿ ಚಿಂಚೋಳಿ ಗೆಲ್ಲಿಸಿ ಕಳಿಸಿದವರು ವೀರೇಂದ್ರ ಪಾಟೀಲ್. 1968ರಲ್ಲಿ ಮುಖ್ಯಮಂತ್ರಿಯಾದರು. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತವರೂ ಇವರೇ. 1989ರಲ್ಲಿ ಅದೇ ಚಿಂಚೋಳಿಯಿಂದ ಗೆದ್ದು ಮತ್ತೆ ಮುಖ್ಯಮಂತ್ರಿ! ರಾಜ್ಯಪಾಲರನ್ನು ಆರಿಸುವ ಹಕ್ಕಿಲ್ಲದ ತಾಲ್ಲೂಕು ಎರಡು ಸಲ ಮುಖ್ಯಮಂತ್ರಿಯನ್ನು ಕೊಟ್ಟಿದೆ.

● ರಾಜ್ಯಪಾಲರೆಂದರೆ ಬರೀ ಅಂಕಿತ ಹಾಕುವವರು ಎಂದುಕೊಂಡಿರಾ? ಕಲಬುರಗಿ ಭಾಗದವರು ಹಾಗೆನ್ನುವಂತಿಲ್ಲ. ಸಂವಿಧಾನದ 98ನೇ ತಿದ್ದುಪಡಿ ತಂದ 371(ಜೆ) ವಿಧಿಯಡಿ ಈ ಪ್ರದೇಶದ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅನುದಾನದಲ್ಲಿ ನ್ಯಾಯದ ಪಾಲು, ಸ್ಥಳೀಯರಿಗೆ ಓದು-ನೌಕರಿಯ ಮೀಸಲಾತಿ ಇವೆಲ್ಲ ರಾಜ್ಯಪಾಲರಿಗೆ ವಹಿಸಬಹುದಾದ ವಿಶೇಷ ಹೊಣೆ. ಮಂಡಳಿಯ ಕೆಲಸದ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕೆಂಬುದೂ ಅದೇ ವಿಧಿಯಲ್ಲಿದೆ. ಈ ವರ್ಷದ್ದು ಬಂತೇ ಎಂದು ನಿಮ್ಮ ಶಾಸಕರನ್ನು ಕೇಳಿ. ಅವರಿಗೆ ಓಟು ಹಾಕಿದವರು ನೀವೇ.